ಸೇತುವೆ ಕೆಲಸದ ಊಟ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರಿಗೆ ಪಕ್ಕದ ಮನೆ ಇರಲಿಕ್ಕಿಲ್ಲ. ನನಗಿತ್ತು. ಕೆ.ಆರ್. ಪುರಂನಲ್ಲಿ, ಕಾರ್ಖಾನೆ ಕಾಲೋನಿಗೆ ಅಂಟಿಕೊಂಡ ಬೀದಿಯಲ್ಲಿ, ಒಂದೇ ಕಾಂಪೌಂಡ್ ಗೋಡೆಯ ಆಚೆಗೆ.

ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ನಮ್ಮ ಕಡೆ ರೈಲು ಹಳಿಗಳ ಮೇಲೆ ಸೇತುವೆ ಕಟ್ಟಲು ಸರ್ಕಾರ ಹಣ ಕೊಟ್ಟಿತು. ನಮ್ಮ ಮನೆಯವರು ಪೇಪರ್ ಹಿಡಿದು ಓದಿ ಹೇಳಿದರು: “ಇಲ್ಲಿನ ಮಂದಿಗೆ ಕೆಲಸ ಸಿಗತೈತಂತ. ವ್ಯಾಪಾರ ಬೆಳೀತೈತಂತ, ತೆರಿಗಿನೂ ಹೆಚ್ಚಿಗಿ ಬರತೈತಂತ.”

“ನಮಗೇನ್ ಸಿಗತೈತಿ?” ಎಂದೆ.

“ಧೂಳು” ಎಂದರು.

ಅವರು ನಕ್ಕರು, ನನಗೆ ನಗು ಬರಲಿಲ್ಲ. ಗದಗದಿಂದ ಮದುವೆಯಾಗಿ ಬಂದು ಹದಿನೈದು ವರ್ಷವಾಗಿತ್ತು. ಸೀರೆಗೂ ತವರಿನ ಬಸ್ಸಿಗೂ ಅವರ ಕೈ ನೋಡಬೇಕಿತ್ತು. ನಾನೇ ದುಡಿದದ್ದು ಎನ್ನುವಂಥ ಒಂದು ರೂಪಾಯಿ ಬೇಕು ಎಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಕೆಲಸ ಶುರುವಾದ ವಾರದಲ್ಲೇ ಸೈಟಿನ ಇಂಜಿನಿಯರ್ ಕುಡಿಯುವ ನೀರು ಕೇಳಿಕೊಂಡು ಬಂದರು. ಕೋಲಾರದ ಕಡೆಯವರು. ಬರೀ ನೀರು ಕೊಟ್ಟು ಕಳಿಸುವುದು ನಮ್ಮಲ್ಲಿಲ್ಲ, ಜೋಳದ ರೊಟ್ಟಿ ಎಣ್ಣೆಗಾಯಿ ಹಾಕಿಕೊಟ್ಟೆ. ತಟ್ಟೆ ಖಾಲಿ ಮಾಡಿ, “ಮೇಡಂ, ಸೈಟಲ್ಲಿ ನಲವತ್ತು ಜನಕ್ಕೆ ದಿನಾ ಮಧ್ಯಾಹ್ನ ಊಟ ಬೇಕು. ನೀವೇ ಮಾಡ್ಕೊಡ್ತೀರಾ? ತಿಂಗ್ಳಿಗೊಂದ್ಸಲ ಕಾಸು ಕೊಟ್ಬಿಡ್ತೀವಿ” ಎಂದರು.

“ಅಯ್ಯ, ಬ್ಯಾಡ್ರಿ. ನಮಗ್ಯಾಕ್ರಿ ಅದೆಲ್ಲಾ” ಎಂದೆ.

ನಮ್ಮೂರಲ್ಲಿ ಚಹಾ ಕೊಟ್ಟರೂ ಮೊದಲು ಬೇಡ ಎನ್ನುತ್ತೇವೆ. ಎರಡನೇ ಸಲ ಕೇಳಿದರೆ ‘ಈಗ ಆತ್ರಿ’ ಎನ್ನುತ್ತೇವೆ, ಚಹಾ ಕುಡಿದು ದಿನವಾಗಿದ್ದರೂ. ಮೂರನೇ ಸಲ ಕೂರುತ್ತೇವೆ. ಕರೆದ ಕೂಡಲೇ ಕೈ ಚಾಚುವವರನ್ನು ಬರಗೆಟ್ಟವರು ಎಂದುಕೊಳ್ಳುವುದು ರೂಢಿ. ನನ್ನ ಬಾಯಿ ಬೇಡ ಎಂದಿತ್ತೇ ಹೊರತು, ಮನಸ್ಸು ಆಗಲೇ ಅಟ್ಟದ ಮೇಲಿನ ದೊಡ್ಡ ಬೋಗುಣಿ ಇಳಿಸಿತ್ತು.

“ಸರಿ ಮೇಡಂ, ತೊಂದ್ರೆ ಇಲ್ಲ ಬಿಡಿ” ಎಂದು ಅವರು ಎದ್ದರು. ಚಪ್ಪಲಿ ಮೆಟ್ಟಿ ನೇರ ಪಕ್ಕದ ಗೇಟು ತೆರೆದರು. ತುಮಕೂರಿನ ಕಡೆಯ ಆಕೆ, ವಿಮಾ ಕಚೇರಿ ಗುಮಾಸ್ತರ ಹೆಂಡತಿ, ಒಂದೇ ಮಾತಿಗೆ “ಆಯ್ತು ಸಾರ್, ನಾಳೆಯಿಂದ್ಲೇ ಮಾಡ್ತೀನಿ” ಎಂದದ್ದು ನನ್ನ ಅಡುಗೆಮನೆಗೆ ಕೇಳಿಸಿತು. ಸರ್ಕಾರದ ದುಡ್ಡು ನಮ್ಮ ಗೇಟಿನ ತನಕ ಬಂದು ಅತ್ತ ತಿರುಗಿತು.

ಮುಂದಿನದ್ದನ್ನೆಲ್ಲ ಗೋಡೆಯ ಈಚೆಯಿಂದ ನೋಡಿದೆ. ಶಿವಾಜಿನಗರದಿಂದ ದೊಡ್ಡ ದೊಡ್ಡ ಪಾತ್ರೆಗಳು ಆಟೋದಲ್ಲಿ ಬಂದವು. ಮೂಲೆ ಅಂಗಡಿಯವನು ನಮಗೆ ಕೊತ್ತಂಬರಿ ಕೊಸರು ಹಾಕುವುದನ್ನು ಬಿಟ್ಟ, ಆಕೆಯ ಮನೆಗೆ ಅಕ್ಕಿಮೂಟೆ ತಾನೇ ಹೊತ್ತು ತಂದ. ಬೀದಿಯ ಇಬ್ಬರು ಹೆಂಗಸರು ತರಕಾರಿ ಹೆಚ್ಚಲು ಸೇರಿಕೊಂಡರು. ಆಕೆ ಹೊಸ ಸೀರೆ ಉಟ್ಟು ಬಂದ ದಿನ “ಬಣ್ಣ ಚಂದ ಐತ್ರಿ” ಎಂದು ಹೊಗಳಿ, ಒಳಗೆ ಬಂದು ಹಾಲಿನ ಪಾತ್ರೆ ಕುಕ್ಕಿದೆ. ಆಕೆಯ ಸಾರು ನೀರುನೀರು. ಅದನ್ನೇ ಉಂಡು ಸೇತುವೆಯ ಕಂಬಗಳು ಏಳುತ್ತಿದ್ದವಲ್ಲ, ನನಗೆ ಅದೂ ಸಹಿಸಲಾಗಲಿಲ್ಲ.

ಒಂದು ಮಧ್ಯಾಹ್ನ ಆಕೆಯೇ ಬಂದರು. ಕೂಲಿಯವರು ಬಹುಪಾಲು ರಾಯಚೂರು, ಕೊಪ್ಪಳದ ಕಡೆಯವರಾದ್ದರಿಂದ ಅನ್ನ ಉಂಡರೆ ಹೊಟ್ಟೆ ತುಂಬುತ್ತಿರಲಿಲ್ಲ. ಆಕೆ ರೊಟ್ಟಿ ತಟ್ಟಲು ಹೋದರೆ ಅಂಚು ಹರಿಯುತ್ತಿತ್ತು.

“ನೀವ್ ರೊಟ್ಟಿ ಮಾಡ್ಕೊಡಿ ರೀ. ಬಂದಿದ್ರಲ್ಲಿ ಅರ್ಧ ಅರ್ಧ.”

“ಬ್ಯಾಡ್ರಿ.”

ಆಕೆ ನಕ್ಕರು. “ಗೊತ್ತು ಕಣ್ರೀ, ನಿಮ್ಮೂರ್ನೋರು ಮೊದ್ಲು ಬೇಡ ಅಂತಾರೆ. ಇನ್ನೊಂದ್ಸಲ ಕೇಳ್ತೀನಿ. ಮಾಡ್ಕೊಡ್ತೀರಾ?”

“ಇಲ್ರಿ.”

“ಮೂರ್ನೇ ಸಲ ಕೇಳ್ತಿದೀನಿ.” ಆಗ ಆಕೆ ನಗುತ್ತಿರಲಿಲ್ಲ.

ನನಗೆ ಬಂದ ಕೆಲಸ, ನನ್ನ ರೊಟ್ಟಿಯ ರುಚಿಗೆ ಬಂದ ಕೆಲಸ. ಅದರಲ್ಲಿ ಅರ್ಧವನ್ನು ಆಕೆಯ ಕೈಯಿಂದ ತೆಗೆದುಕೊಳ್ಳಬೇಕೆ? ಮೈಯೆಲ್ಲ ಉರಿಯಿತು. “ಕೈ ನೋವ್ರಿ” ಎಂದೆ.

ವಾರದೊಳಗೆ ಕೂಲಿಯವರ ಶೆಡ್ಡಿನ ಹೆಂಗಸೊಬ್ಬಳು ಆಕೆಯ ಹಿತ್ತಲಲ್ಲಿ ರೊಟ್ಟಿ ಬಡಿಯತೊಡಗಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಪಟಪಟ ಸದ್ದು. ತಪ್ಪು ಹುಡುಕಲು ಕಿವಿಗೊಟ್ಟು ಕೇಳಿದೆ, ಸಿಗಲಿಲ್ಲ.

ಸೇತುವೆ ಮುಗಿಯಿತು, ಇಂಜಿನಿಯರ್ ಹೋದರು, ಆಕೆಯ ಒಲೆ ಆರಲಿಲ್ಲ. ಸೇತುವೆ ಇಳಿಯುವ ಕಡೆ ಮಳಿಗೆ ಹಿಡಿದು ಖಾನಾವಳಿ ತೆಗೆದರು. ಆರಂಭದ ಊಟಕ್ಕೆ ಬೀದಿಗೆ ಬೀದಿಯನ್ನೇ ಕರೆದರು. ನನ್ನನ್ನು ಮಾತ್ರ ಮೂರು ಸಲ ಮನೆಗೆ ಬಂದು ಕರೆದರು.

ಎಲೆಯ ಮುಂದೆ ಕೂತು ಪಕ್ಕದವರಿಗೆ ನನ್ನ ಹಳೇ ಕಥೆ ಹೇಳುತ್ತಿದ್ದೆ. ಇಂಜಿನಿಯರ್ ಮೊದಲು ನನ್ನನ್ನೇ ಕೇಳಿದ್ದು, ರೀತಿ ರಿವಾಜು ತಿಳಿಯದೆ ಎದ್ದು ಹೋದದ್ದು. “ಇನ್ನೊಮ್ಮೆ ಕೇಳಿದ್ದರ ಹೂಂ ಅಂತಿದ್ನಿರಿ” ಎಂದೆ. ಅವರು ಅಯ್ಯೋ ಪಾಪ ಎಂದರು. ತಲೆ ಎತ್ತಿದರೆ, ಆಕೆ ರೊಟ್ಟಿಯ ಬುಟ್ಟಿ ಹಿಡಿದು ನಮ್ಮೆದುರೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಇನ್ನೊಂದ್ ರೊಟ್ಟಿ ಹಾಕ್ಲಾ?” ಎಂದರು.

“ಬ್ಯಾಡ್ರಿ” ಎಂದೆ.

ಆಕೆ ಮುಂದಿನ ಎಲೆಗೆ ಹೋದರು. ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು, ನನಗೆ ಇನ್ನೊಂದು ಬೇಕಿತ್ತು.