ಕಪ್ತಾನನ ಕಾಲುಪಟ್ಟಿ

ಔಡಲೆಣ್ಣೆ ಕಾಯಿಸಿದರೆ ಒಂದು ಮಂದ ವಾಸನೆ ಏಳುತ್ತದೆ. ಕೆಲವರಿಗೆ ಅದು ಬಾಣಂತಿ ಕೋಣೆಯ ನೆನಪು ತರುತ್ತದೆ, ಕೆಲವರಿಗೆ ಕೂಸಿನ ನೆತ್ತಿಯ ನೆನಪು. ನನಗೆ ಮಾತ್ರ ಒಬ್ಬ ದಗಾಕೋರನ ನೆನಪು. ಮೊನ್ನೆ ಮೊಮ್ಮಗಳು ಖೋಖೋ ಆಡಲು ಹೋಗಿ ಕಾಲಿನ ಹರಡು ಉಳುಕಿಸಿಕೊಂಡು ಕುಂಟುತ್ತ ಬಂದಳು. ಸೊಸೆ ಎಣ್ಣೆ ಬಿಸಿ ಮಾಡಿ ತಂದಿಟ್ಟಳು. ನಾನು ಹಳೇ ಧೋತರ ಹರಿದು ಪಟ್ಟಿ ಮಾಡಿ ಎಣ್ಣೆಯಲ್ಲಿ ಅದ್ದಿದೆ. ಅದ್ದಿದ್ದೇ ತಡ, ಅವನೇ ಬಂದು ಎದುರಿಗೆ ಕಾಲು ಚಾಚಿ ಕುಳಿತಂತಾಯಿತು...

ನಿಜಾಮನ ರಾಜ್ಯದ ಕೊನೆಗಾಲ. ಲಿಂಗಸುಗೂರಿನ ಹೊರಗೆ ಗರಸು ನೆಲದ ಮೇಲೆ ಪಾದ್ರಿಗಳದೊಂದು ಹೈಸ್ಕೂಲು ಇತ್ತು. ನಾನು ಮಸ್ಕಿಯ ದರ್ಜಿಯ ಮಗ. ಅವನು ಚರ್ಚಿನ ಗಂಟೆ ಹೊಡೆಯುವವನ ಮಗ. ಇಬ್ಬರೂ ಅಲ್ಲಿಯ ಬೋರ್ಡಿಂಗಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಅವನು ಫುಟ್‌ಬಾಲ್ ಟೀಮಿನ ಮುಂದಾಳು, ನಾನು ಗೋಲ್ಕೀಪರು. ಎಲ್ಲರೂ ಅವನನ್ನು ಕಪ್ತಾನ ಎಂದೇ ಕರೆಯುತ್ತಿದ್ದರು. ಗಡ್ಡದ ಪಾದ್ರಿಗಳು ಕೂಡ ತಾವೇ ಇಟ್ಟ ಹೆಸರು ಮರೆತು ಹಾಗೇ ಕೂಗುತ್ತಿದ್ದರು.

ಬೂಟು ಎಂಬುದನ್ನು ನಾವು ಪಾದ್ರಿಗಳ ಕಾಲಲ್ಲಿ ಮಾತ್ರ ಕಂಡಿದ್ದೆವು. ಆಡುವುದು ಬರಿಗಾಲಲ್ಲಿ. ಗರಸು ನೆಲ ಅಂಗಾಲನ್ನು ತುರಿಮಣೆಯ ಹಾಗೆ ತುರಿಯುತ್ತಿತ್ತು. ಅದಕ್ಕೇ ಅಪ್ಪನ ಅಂಗಡಿಯಲ್ಲಿ ಉಳಿದ ಕೋರಾ ಬಟ್ಟೆಯ ಚೂರುಗಳನ್ನು ನಾನು ಗಂಟು ಕಟ್ಟಿ ತರುತ್ತಿದ್ದೆ. ಅವನ್ನು ಪಟ್ಟಿಯಾಗಿ ಹರಿದು, ಔಡಲೆಣ್ಣೆಯಲ್ಲಿ ಅದ್ದಿ, ಪಾದಕ್ಕೆ ಸುತ್ತಿಕೊಂಡು ಆಡುತ್ತಿದ್ದೆವು. ಉಳಿದವರು ತಮ್ಮ ತಮ್ಮ ಕಾಲು ತಾವೇ ಕಟ್ಟಿಕೊಳ್ಳುತ್ತಿದ್ದರು. ಕಪ್ತಾನನ ಕಾಲನ್ನು ಮಾತ್ರ ಗೋಲ್ಕೀಪರು ಕಟ್ಟಬೇಕು, ಅದು ನಮ್ಮ ಟೀಮಿನ ಪದ್ಧತಿ. ಯಾರು ಹಾಕಿದ್ದೋ ಗೊತ್ತಿಲ್ಲ... ನಮಗಿಂತ ಹಿಂದಿನವರಿಂದ ನಡೆದು ಬಂದಿತ್ತು. ಅವನ ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳು ಚಿಕ್ಕಂದಿನಲ್ಲೇ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅಲ್ಲಿ ಒಂದು ಸುತ್ತು ಹೆಚ್ಚು ಹಾಕಿ, ತುದಿಯನ್ನು ಕೆಳಗಿನಿಂದ ಎಳೆದು ಹಿಮ್ಮಡಿಗೆ ಕಟ್ಟಬೇಕು. ಇಲ್ಲದಿದ್ದರೆ ಹೊಡೆತಕ್ಕೆ ಜೀವವೇ ಬರುತ್ತಿರಲಿಲ್ಲ. ಸಿಂಧನೂರಿನ ಎರೆಹೊಲದಲ್ಲಿ ಆಡಿದ ದಿನ ಪಟ್ಟಿಗೆ ಕರಿಮಣ್ಣು ಮೆತ್ತಿಕೊಂಡು ಕಾಲು ಆನೆಕಾಲಾಗಿತ್ತು. ಆಟದ ನಡುವೆ ಬಿಚ್ಚಿ ಮತ್ತೆ ಕಟ್ಟಿದ್ದೆ. ಅವನು ನನ್ನ ನೆತ್ತಿಯ ಮೇಲೆ ಕೈ ಊರಿ ನಿಂತು ಬಾಯಿಗೆ ಬಂದದ್ದು ಹೇಳಿ ಊರಿನವರನ್ನು ನಗಿಸುತ್ತಿದ್ದ. ಆಗ ನನಗೆ ಅವನೆಂದರೆ ಪ್ರಾಣ. ಇದನ್ನು ಹೇಳಲು ಈಗಲೂ ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ಆ ಶಾಲೆಯಲ್ಲಿ ಕಲಿತು ಆಟದಿಂದಲೇ ಅನ್ನ ಉಂಡವರು ಆಗಲೇ ಕೆಲವರಿದ್ದರು. ಒಬ್ಬ ರೈಲ್ವೆಯವರ ಹಾಕಿ ಟೀಮಿನಲ್ಲಿದ್ದ, ಇನ್ನೊಬ್ಬ ಪೊಲೀಸರ ಪರವಾಗಿ ಓಡುತ್ತಿದ್ದ. ಅವರ ಫೋಟೋಗಳನ್ನು ಪಾದ್ರಿಗಳು ಪ್ರಾರ್ಥನೆಯ ಹಾಲಿನ ಗೋಡೆಗೆ ತೂಗುಹಾಕಿದ್ದರು. ಮೇರಿ ಮಾತೆಯ ಪಟಕ್ಕಿಂತ ನಾವು ಅವನ್ನೇ ಹೆಚ್ಚು ನೋಡುತ್ತಿದ್ದೆವು. ಹೀಗಿರುವಾಗ ಹೈದರಾಬಾದಿನ ಪಲ್ಟನ್ನಿನ ಟೀಮಿಗೆ ಹುಡುಗರನ್ನು ಆರಿಸಲು ಒಬ್ಬ ಸುಬೇದಾರ ಬರುತ್ತಾನೆಂದು ಸುದ್ದಿ ಬಂತು. ಊಟ, ಬಟ್ಟೆ, ಮೇಲೆ ಪಗಾರ. ಬರೀ ಚೆಂಡು ಆಡಲಿಕ್ಕೆ! ನಾನು ಮಸ್ಕಿಗೆ ಹೋಗಿ ಅಪ್ಪನ ಮುಂದೆ ನಿಂತೆ. ಶಾಲೆ ಬಿಡಿಸಿ ನನ್ನನ್ನು ಹೊಲಿಗೆಗೆ ಕೂರಿಸಬೇಕೆಂದು ಅವನು ಕಾಯುತ್ತಿದ್ದ ಕಾಲ ಅದು.

"ಆಟ ಹೊಟ್ಟಿ ತುಂಬಸ್ತೈತೇನು?" ಎಂದ ಅಪ್ಪ. ಆಮೇಲೆ ಕತ್ತರಿ ಕೆಳಗಿಟ್ಟು, "ಆತು. ಪಲ್ಟನ್ನಿನವ್ರು ತಗೊಂಡ್ರ ಹೋಗು. ಇಲ್ಲಂದ್ರ ಮರುದಿನಾನ ಬಂದು ಮಷೀನಿಗೆ ಕೂಡು. ಮತ್ತ ಚೆಂಡಿನ ಹೆಸರು ಎತ್ತಬ್ಯಾಡ" ಎಂದ.

ಆರಿಸುವ ದಿನ ಬಂತು. ಬೇವಿನ ಮರದ ಕೆಳಗೆ ನಾನು ಕಪ್ತಾನನ ಕಾಲು ಕಟ್ಟುತ್ತಿದ್ದೆ. ಅಪ್ಪನ ಮಾತು ಅವನಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಅವನು ಬಗ್ಗಿ ನನ್ನ ಕಿವಿಯ ಹತ್ತಿರ ಬಂದ.

"ಕೊನೀಗೆ ಸುಬೇದಾರ ಒಂದ್ ಪೆನಾಲ್ಟಿ ಹೊಡಸ್ತಾನಂತ. ನಾ ನಿನ್ನ ಬಲಗೈ ಕಡೆ ಹೊಡೀತೀನಿ. ಕಣ್ಣು ಮುಚ್ಚಿ ಹಾರು, ಹಿಡಿ. ನನ್ನ ಓಟ ನೋಡಿ ನನ್ನ ತಗೊಂತಾನ, ನಿನ್ನ ಹಿಡಿತ ನೋಡಿ ನಿನ್ನ ತಗೊಂತಾನ."

"ನನಗದು ಬ್ಯಾಡಲೇ, ನೀ ಹೇಳದಿದ್ರೂ ನಾ ಹಿಡೀತೀನಿ" ಎಂದೆ.

"ಹುಚ್ಚಪ್ಪ, ಇಬ್ರೂ ಕೂಡೇ ಹೋಗೂಣು" ಎಂದು ಕೊರಳಲ್ಲಿದ್ದ ಮಾತೆಯ ಪದಕ ಮುಟ್ಟಿಕೊಂಡ.

ಆಟ ನಡೆಯಿತು. ಅವನು ಜಿಂಕೆಯಾಗಿ ಓಡಿದ. ನಾನೂ ಏನು ಕಡಿಮೆ ಆಡಲಿಲ್ಲ, ಸುಬೇದಾರ ಮೀಸೆ ತೀಡುತ್ತ ನನ್ನ ಕಡೆ ಬೆರಳು ಮಾಡಿ ಪಾದ್ರಿಗಳಿಗೆ ಏನೋ ಹೇಳಿದ್ದನ್ನು ಕಂಡೆ. ಕೊನೆಗೆ ಸುಬೇದಾರನೇ ಬಂದು ಚೆಂಡನ್ನು ಗುರುತಿನ ಮೇಲಿಟ್ಟು ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದ. ಕಪ್ತಾನ ಎಲ್ಲಿಗೆ ಹೊಡೆಯುತ್ತಾನೆಂದು ತಿಳಿಯಲು ನಾನು ಯಾವಾಗಲೂ ಅವನ ಎಡ ಮಂಡಿ ನೋಡುತ್ತಿದ್ದೆ. ಮಂಡಿ ತಿರುಗಿದ ಕಡೆಗೇ ಚೆಂಡು. ಅದು ಯಾವ ದಿನವೂ ಸುಳ್ಳಾಗಿರಲಿಲ್ಲ. ಅವತ್ತೊಂದು ದಿನ ಮಂಡಿ ನೋಡಲಿಲ್ಲ, ಮಾತು ನಂಬಿದೆ. ಬಲಕ್ಕೆ ಹಾರಿದೆ. ಮೊಣಕೈ ಗರಸಿಗೆ ಉಜ್ಜಿ ರಕ್ತ ಬಂತು. ಚೆಂಡು ಎಡಗಡೆಯಿಂದ ಆರಾಮಾಗಿ ಒಳಗೆ ಹೋಗಿತ್ತು.

"ಶಾಬಾಷ್!" ಎಂದು ಸುಬೇದಾರ ಹೊಟ್ಟೆ ಹಿಡಿದುಕೊಂಡು ನಕ್ಕು, ಕಪ್ತಾನನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. ನನ್ನ ಕಡೆ ಮತ್ತೆ ಬೆರಳು ಮಾಡಲಿಲ್ಲ. ಕಪ್ತಾನನೂ ತಿರುಗಿ ನೋಡಲಿಲ್ಲ. ನಾನು ಕಟ್ಟಿದ ಪಟ್ಟಿ ಅವನ ಕಾಲಲ್ಲೇ ಇತ್ತು. ಮರುದಿನ ನಾನು ಮಷೀನಿಗೆ ಕೂತೆ.

ಹೊಡೆಯುವಾಗ ಕಾಲು ಜಾರಿರಬೇಕು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹುಚ್ಚು ಮನಸ್ಸು... ತನ್ನವರನ್ನು ಬಿಟ್ಟುಕೊಡುವುದಿಲ್ಲ. ಕೆಲವು ವರ್ಷಗಳ ಮೇಲೆ ಶಾಲೆಯ ಇನಾಮು ಹಂಚುವ ದಿನಕ್ಕೆ ಅವನು ಹೈದರಾಬಾದಿನಿಂದ ಬಂದ. ಅಷ್ಟರಲ್ಲಿ ಅವನ ಫೋಟೋ ಗೋಡೆ ಏರಿತ್ತು. ಬೋರ್ಡಿಂಗಿನ ಮಕ್ಕಳಿಗೆ ಹೊಲಿದ ಚಡ್ಡಿಗಳ ಗಂಟು ಹೊತ್ತು ನಾನೂ ಅವತ್ತೇ ಅಲ್ಲಿಗೆ ಹೋಗಿದ್ದೆ. ಹುಡುಗರ ಜೊತೆ ಅವನು ಆಡಿ ತೋರಿಸಬೇಕೆಂದು ಪಾದ್ರಿಗಳು ಹೇಳಿದರು. ಅವನು ನನ್ನನ್ನು ಕಂಡವನೇ ಬೂಟು ಕಳಚಿ, ಕಿಸೆಯಿಂದ ಪಟ್ಟಿ ತೆಗೆದು, ಅದೇ ಬೇವಿನ ಕೆಳಗೆ ಕೂತು, ಕಾಲು ಚಾಚಿದ.

"ಬಾರಲೇ, ಕಟ್ಟು. ಹೈದ್ರಾಬಾದಿನಾಗ ನಿನ್ನಂಗ ಕಟ್ಟೋರು ಒಬ್ರೂ ಸಿಗಲಿಲ್ಲ."

ನಾನು ಗಂಟು ಕೆಳಗಿಳಿಸಲಿಲ್ಲ. "ಅವತ್ತ್ಯಾಕ ಎಡಕ್ಕ ಹೊಡದಿ?" ಎಂದೆ.

ನಗುತ್ತಿದ್ದವನು ನೆಲ ನೋಡಿದ. "ಇದ್ದದ್ದು ಒಂದ ಜಾಗ. ಮುಂಜಾನೆ ಸುಬೇದಾರಗ ಚಾ ಕೊಡಾಕ ಹೋಗಿದ್ದೆ. ಇಬ್ರಾಗ ಒಬ್ಬನ್ನ ಒಯ್ತೀನಿ ಅಂತ ಪಾದ್ರ್ಯಾರ ಮುಂದ ಹೇಳಾಕತ್ತಿದ್ದ."

"ಅಂದ್ರ ನಾ ಪಟ್ಟಿ ಕಟ್ಟುವಾಗ ನಿನಗ ಗೊತ್ತಿತ್ತು."

"ನೀ ಆಗಿದ್ರ ಏನ್ ಮಾಡ್ತಿದ್ದಿ?"

"ಹೇಳ್ತಿದ್ದೆ. ಒಂದ ಜಾಗ ಐತಿ, ಆಡಿ ನೋಡೂಣು ಅಂತಿದ್ದೆ. ಸೋತಿದ್ರ ನಾನ ನಿನ್ನ ಮೋಟಾರಿಗೆ ಹತ್ತಿಸಿ ಬರ್ತಿದ್ದೆ." ಗಂಟನ್ನು ಹೆಗಲ ಮೇಲೆ ಸರಿಪಡಿಸಿಕೊಂಡೆ. "ನಿನ್ನ ಕಾಲು ನೀ ಕಟ್ಟಿಕೊ" ಎಂದು ಬೋರ್ಡಿಂಗಿನ ಕಡೆ ನಡೆದೆ.

ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದೆ. ಅವನು ಪಟ್ಟಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದ. ಕಟ್ಟಲು ಬರಲಿಲ್ಲ. ಕೊನೆಗೆ ಬೂಟನ್ನೇ ಮೆಟ್ಟಿಕೊಂಡು ಎದ್ದ. ಆಮೇಲೆ ನಾವು ಭೇಟಿಯಾಗಲಿಲ್ಲ.

ನಿಜಾಮನ ರಾಜ್ಯ ಹೋಯಿತು. ನಾನು ಹಟ್ಟಿ ಗಣಿಯಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿ, ಮುಗಿಸಿ, ಮಸ್ಕಿಗೆ ಮರಳಿದೆ. ಹೋದ ವರ್ಷ ಕಪ್ತಾನ ಹೈದರಾಬಾದಿನಲ್ಲಿ ತೀರಿಕೊಂಡನಂತೆ. ಶಾಲೆಯವರು ಅವನ ಫೋಟೋಗೆ ಹೂವಿನ ಹಾರ ಹಾಕುತ್ತೇವೆ, ಹಳಬರು ನೀವೊಂದೆರಡು ಮಾತಾಡಿ ಎಂದು ಹೇಳಿಕಳಿಸಿದ್ದರು. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಹೋಗಿ ಏನು ಹೇಳಲಿ? ನಂಬಿಸಿ ಕತ್ತು ಕೊಯ್ದ ಎಂದೇ?

"ತಾತಾ," ಎಂದಳು ಮೊಮ್ಮಗಳು, "ನೋವು ಹರಡಿನಾಗ ಐತಿ. ಬೆರಳಿಗ್ಯಾಕ ಸುತ್ತಾಕತ್ತಿ?"

ನೋಡಿಕೊಂಡೆ. ಅವಳ ಹೆಬ್ಬೆರಳ ಪಕ್ಕದ ಬೆರಳಿಗೆ ಒಂದು ಸುತ್ತು ಹೆಚ್ಚು ಹಾಕಿ, ತುದಿಯನ್ನು ಕೆಳಗಿನಿಂದ ಎಳೆದು ಹಿಮ್ಮಡಿಗೆ ಕಟ್ಟುತ್ತಿದ್ದೆ. ಆ ಬೆರಳಿಗೆ ಏನೂ ಆಗಿರಲಿಲ್ಲ. ಬಿಚ್ಚಿ ಸರಿಯಾಗಿ ಕಟ್ಟಬೇಕಿತ್ತು, ಕೈ ಏಳಲಿಲ್ಲ. ಸಿಟ್ಟು ಇವತ್ತಿಗೂ ಹಾಗೇ ಇದೆ... ಅವತ್ತು ಕಟ್ಟದೆ ಬಿಟ್ಟು ಬಂದ ಕಾಲು ಮಾತ್ರ ಈಗ ಎಲ್ಲೂ ಇಲ್ಲ.