ಸಿರುಗುಪ್ಪದ ಸ್ವಿಚ್ಚು

ಎಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಬಿತ್ತನೆ ಬೀಜದ ಕಚೇರಿಯೊಂದಕ್ಕೆ ದೊಡ್ಡ ಕಂಪ್ಯೂಟರ್ ಬಂದಿತ್ತು. ಸಿರುಗುಪ್ಪ ಮತ್ತು ಕುರುಗೋಡಿನ ಕೇಂದ್ರದವರು ಭತ್ತದ ಬೀಜ ಎಷ್ಟು ಮೊಳೆಯಿತೆಂಬುದನ್ನು ಫೋನ್ ತಂತಿಯ ಮೂಲಕ ಅದಕ್ಕೆ ಕಳಿಸಬೇಕು. ಆ ತಂತಿಯನ್ನು ನೋಡಿಕೊಳ್ಳುವ ಭಾಗವನ್ನು ಯಂತ್ರದ ಕರ್ನಲ್ಲಿಗೆ, ಅಂದರೆ ಉಳಿದೆಲ್ಲ ಪ್ರೋಗ್ರಾಮುಗಳನ್ನು ಆಳುವ ಮೂಲ ಪ್ರೋಗ್ರಾಮಿಗೆ, ಬರೆದು ಸೇರಿಸಿದವಳು ನಾನು. ಇಪ್ಪತ್ತಾರು ವಯಸ್ಸು, ಮೂಗಿನ ತುದಿಯಲ್ಲೇ ಕೋಪ.

ಯಂತ್ರ ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ನಿಂತುಬಿಡುತ್ತಿತ್ತು. ಮೆಮೊರಿ ಎಲ್ಲೋ ಸೋರುತ್ತಿದೆ ಎಂದು ಗೊತ್ತಿತ್ತು. ಮದುವೆ ಮನೆಯವರು ಓಣಿಯಿಂದ ತಂದ ಪಾತ್ರೆಯನ್ನು ಊಟ ಮುಗಿದ ಮೇಲೆ ಹಿಂದಿರುಗಿಸಬೇಕಲ್ಲ, ಹಾಗೆಯೇ ಯಾರಾದರೂ ತಂತಿಗೆ ಸೇರಿದಾಗ ಕರ್ನಲ್ ಒಂದು ತುಣುಕು ಮೆಮೊರಿ ತೆಗೆದುಕೊಂಡು, ಅವರು ಹೋದಾಗ ಹಿಂದಿರುಗಿಸಬೇಕು. ಬಳ್ಳಾರಿಯಲ್ಲಿ ಕೂತು ನೂರಾರು ಸಲ ಲಾಗಿನ್ ಆದೆ, ಲಾಗೌಟ್ ಆದೆ. ಒಂದು ತುಣುಕೂ ಕಡಿಮೆಯಾಗಲಿಲ್ಲ. ಆದರೆ ಸಿರುಗುಪ್ಪದ ಗುಮಾಸ್ತರು ರಜೆ ಹಾಕಿದ ದಿನ ಯಂತ್ರ ಸಂಜೆಯವರೆಗೂ ಓಡಿತ್ತು. "ನನ್ನ ಪ್ರೋಗ್ರಾಮು ಸರಿ ಐತ್ರಿ. ಆ ಮನುಷ್ಯಾನ ಏನೋ ಮಾಡ್ತಾನ," ಎಂದು ಸಾಹೇಬರ ಮುಂದೆ ಅಂದುಬಿಟ್ಟೆ.

"ನಾಳೀನೂ ನಿಂತ್ರ ಸಂಜೀಕ ಅವರನ್ನ ಬಳ್ಳಾರಿಗೆ ವರ್ಗ ಮಾಡಿಬಿಡ್ತೀನಿ," ಎಂದರು ಸಾಹೇಬರು.

ಅವರ ತಪ್ಪನ್ನು ಕಣ್ಣಾರೆ ನೋಡಿ ಹಿಡಿಯುತ್ತೇನೆಂದು ಮರುದಿನ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ವರ್ಗದ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು.

"ನಮ್ಮ ಮನಿಯಾಕಿಗೆ ಕಣ್ಣು ಕಾಣಂಗಿಲ್ರಿ ಮೇಡಂ. ಈಗಿರೋ ಮನಿಯಾಗ ಎಲ್ಲಾ ಆಕಿ ಕೈಗೆ ಸಿಗತೈತಿ. ಬ್ಯಾರೆ ಊರಾಗ ಹೆಂಗ್ರಿ?"

ನಾನು ಅವರ ಹಿಂದೆ ಕುರ್ಚಿ ಎಳೆದು ಕೂತೆ. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು.

ಒಬ್ಬ ರೈತನ ಬೀಜದ ವಿವರ ಕಳಿಸಿ, ಮುಂದಿನ ಮೊಳಕೆಯ ತಟ್ಟೆ ತರಲು ಎದ್ದವರು ಗೋಡೆಯ ಸ್ವಿಚ್ಚನ್ನು ಟಪ್ ಎಂದು ಆರಿಸಿದರು. ವಿವರ ಒತ್ತುವ ಟರ್ಮಿನಲ್ಲು, ಅದನ್ನು ಫೋನ್ ತಂತಿಗೆ ಜೋಡಿಸುವ ಪೆಟ್ಟಿಗೆ ಎರಡೂ ಸತ್ತವು. ಬಂದು ಮತ್ತೆ ಹಾಕಿದರು. ಎದ್ದಾಗ ಮತ್ತೆ ಆರಿಸಿದರು.

"ಯಾಕ್ರೀ ಆರಿಸ್ತೀರಿ?"

"ಸರ್ಕಾರದ ಕರೆಂಟಲ್ರಿ ಮೇಡಂ? ಎದ್ದು ಹೋಗೋವಾಗ ಹಂಗ ಬಿಡಬಾರದ್ರಿ."

ಪಕ್ಕದ ಕೋಣೆಯ ಫೋನಿಗೆ ಓಡಿ, ಬಳ್ಳಾರಿಯಲ್ಲಿದ್ದ ಜೊತೆಗಾತಿಗೆ ಉಳಿದ ಮೆಮೊರಿ ನೋಡುತ್ತಿರಲು ಹೇಳಿದೆ. ಈಚೆ ಟಪ್ ಎಂದಿತು.

"ಒಂದು ಹೋತು ನೋಡು," ಎಂದಳು. "ವಾಪಸ್ ಬರಲಿಲ್ಲ." ಮತ್ತೆ ಟಪ್. "ಇನ್ನೊಂದು ಹೋತಲೇ!"

ತಂತಿ ಇದ್ದಕ್ಕಿದ್ದಂತೆ ಕಡಿದರೆ ಮೆಮೊರಿ ಹಿಂದಿರುಗಿಸಬೇಕೆಂಬ ಸಾಲನ್ನೇ ನಾನು ಬರೆದಿರಲಿಲ್ಲ. ಕುರುಗೋಡಿನವರು ಬೆಳಿಗ್ಗೆ ಹಾಕಿದರೆ ಸಂಜೆಯೇ ಆರಿಸುತ್ತಿದ್ದರು. ನಾನಂತೂ ಪರೀಕ್ಷೆಯಲ್ಲಿ ಒಮ್ಮೆಯೂ ಲಾಗೌಟ್ ಆಗದೆ ಸ್ವಿಚ್ ಆರಿಸಿರಲಿಲ್ಲ.

ಗಂಟೆ ಎರಡಾಗಿತ್ತು. ಸ್ವಿಚ್ ಮುಟ್ಟಬೇಡಿ ಎಂದು ಅವರಿಗೆ ಹೇಳಿ ಸುಮ್ಮನಿದ್ದರೆ ಯಂತ್ರ ನಿಲ್ಲುತ್ತಿರಲಿಲ್ಲ, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಷ್ಟು ದಿನ ಕೆಡಿಸಿದವರು ಅವರೇ ಎಂಬ ಮಾತು ಉಳಿಯುತ್ತಿತ್ತು. ಸುಳ್ಳೇಕೆ, ಎರಡು ನಿಮಿಷ ಆ ಯೋಚನೆಯಲ್ಲೇ ನಿಂತಿದ್ದೆ. ಬಾಗಿಲಾಚೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸಾಹೇಬರಿಗೆ ಫೋನು ಹಚ್ಚಿದೆ. ತಪ್ಪು ನನ್ನದೆಂದೆ. ಅವರು ಬೈದದ್ದು ಬಾಗಿಲಾಚೆಗೂ ಕೇಳಿಸಿರಬೇಕು. ಕೊನೆಗೆ, ವರ್ಗ ಇಲ್ಲ ಎಂದರು.

ಗುಮಾಸ್ತರು ಕಣ್ಣೊರೆಸಿಕೊಂಡು, "ಮನೀತನಕ ಬರ್ರಿ ಮೇಡಂ. ನಾ ಹೇಳಿದ್ರ ಆಕಿ ನಂಬಾಂಗಿಲ್ಲ," ಎಂದರು.

ಮನೆಯಲ್ಲಿ ಅವರ ಹೆಂಡತಿ ನಡುಮನೆಗೆ ಟ್ರಂಕು ಎಳೆದುಕೊಂಡು, ತಡವಿ ತಡವಿ ಬಟ್ಟೆ ತುಂಬುತ್ತಿದ್ದರು. "ನಮ್ಮೋರು ಏನ್ ತಪ್ಪು ಮಾಡಿದ್ರವ್ವಾ?"

"ಅವರೇನೂ ಮಾಡಿಲ್ರೀ ಅಮ್ಮ. ತಪ್ಪು ನಂದು. ನೀವು ಎಲ್ಲಿಗೂ ಹೋಗೋದಿಲ್ಲ."

ಅವರು ಟ್ರಂಕನ್ನು ನನ್ನ ಕಡೆ ತಳ್ಳಿದರು.

"ಹಂಗಾದ್ರ ಇದನ್ನೆಲ್ಲಾ ನೀನ ಮೊದಲಿದ್ದಲ್ಲಿ ಇಡವ್ವಾ. ಗೇಣು ಆಕಡಿ ಈಕಡಿ ಆದ್ರೂ ನಾ ಎಡವ್ತೀನಿ."

ನಾನು ಒಂದೊಂದೇ ಸೀರೆ ತೆಗೆದು ಅವರು ಹೇಳಿದ ಜಾಗದಲ್ಲಿಟ್ಟೆ. ಅವರು ಪ್ರತಿಯೊಂದನ್ನೂ ಮುಟ್ಟಿ ನೋಡಿದರು.