ಚಪ್ಪಲಿ ಹಾಕಿ ಮುಟ್ಟಿದ ನಲ್ಲಿ

ಇವತ್ತು ಕೊಂಡ ಹವಾಯಿ ಚಪ್ಪಲಿಯ ರಬ್ಬರ್ ವಾಸನೆ ಈ ಬಾಡಿಗೆ ಕೋಣೆಯನ್ನೆಲ್ಲ ತುಂಬಿದೆ. ಹರಿಹರದ ನಮ್ಮ ಬಚ್ಚಲು ನೆನಪಾಯಿತು.

ಮೋಟಾರ್ ಹಾಕಿದಾಗಲೆಲ್ಲ ಬಚ್ಚಲಿನ ನಲ್ಲಿ ಶಾಕ್ ಹೊಡೆಯುತ್ತದೆ ಎಂದು ಅವ್ವ ವಾರದಿಂದ ಹೇಳುತ್ತಿದ್ದಳು.

"ಬಟ್ಟೆ ಒಗೆಯಾಕೆ ಬ್ಯಾಸರ ಆದ್ರೆ ಹೇಳು, ಕಥೆ ಕಟ್ಟಬ್ಯಾಡ," ಎಂದು ಅಪ್ಪ ನಕ್ಕ. ಮೋಟಾರ್ ಹಾಕಿ, ಚಪ್ಪಲಿ ಮೆಟ್ಟಿಕೊಂಡೇ ಹೋಗಿ ನಲ್ಲಿ ಹಿಡಿದ. ಏನೂ ಆಗಲಿಲ್ಲ.

"ನೀನೂ ಮುಟ್ಟಲೇ. ತಡಿ, ಚಪ್ಪಲಿ ಹಾಕ್ಕೊಂಡು ಬಾ," ಎಂದು ನನ್ನನ್ನು ಕರೆದ.

ನಾನೂ ಮುಟ್ಟಿದೆ. "ಏನೂ ಇಲ್ಲವ್ವ, ಸುಳ್ಳು ಹೇಳ್ತೀಯ," ಎಂದೆ. ಅವ್ವ ಬರಿಗಾಲಲ್ಲಿ ನಿಂತಿದ್ದಳು.

ಮರುದಿನ ಅವ್ವ ತಾನೇ ಹೋಗಿ ವೈರಿಂಗ್ ಮಾಡುವ ಚಾಚಾನನ್ನು ಕರೆತಂದಳು. ಮೋಟಾರ್ ಹಾಕಿಸಿ ನಲ್ಲಿಗೆ ಇಟ್ಟ ಟೆಸ್ಟರ್ ಕೆಂಪಗೆ ಹೊತ್ತಿತು.

"ಮೋಟಾರ್ ವೈರು ಸುಲಿದು ಪೈಪಿಗೆ ತಾಗೈತ್ರಿ. ರಬ್ಬರ್ ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರೆ ಹೆಂಗ್ರಿ ಗೊತ್ತಾಗ್ತೈತೆ?"

"ಅಷ್ಟು ನಂಗೂ ಗೊತ್ತೈತೆ ಬಿಡ್ರಿ ಚಾಚಾ," ಎಂದ ಅಪ್ಪ. "ಅದಕ್ಕೇ ಅಲ್ವಾ ಹುಡುಗಂಗೆ ಚಪ್ಪಲಿ ಹಾಕ್ಸಿದ್ದು!"

ಅಂದರೆ ಅಪ್ಪನಿಗೆ ಮೊದಲೇ ಅನುಮಾನವಿತ್ತು. ಆದರೂ ನನ್ನ ಬಾಯಿಂದಲೇ ಅವ್ವನನ್ನು ಸುಳ್ಳಿ ಅನ್ನಿಸಿದ್ದ.

ಅವ್ವ ಅಪ್ಪನ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿ, "ಅವ್ರು ಬಿಡು. ನೀನೂನಾ?" ಎಂದಳು.

ಚಪ್ಪಲಿಯನ್ನು ಈಗ ಕೋಣೆಯ ಹೊರಗಿಟ್ಟು ಬಂದೆ. ವಾಸನೆ ಒಳಗೇ ಇದೆ.